ಜ್ವರ ಬಂದ ಮೊದಲ 48 ಗಂಟೆ

ಜುಲೈ ಬಂತೆಂದರೆ ಮುಂಬೈಯ ಯಾವ ಐಟಿ ತಂಡದ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಬೆಳಗಿನ ಮೊದಲ ಸಂದೇಶ ಹೆಚ್ಚುಕಡಿಮೆ ಒಂದೇ: ‘ಜ್ವರ ಇದೆ, ಇವತ್ತು ವರ್ಕ್ ಫ್ರಮ್ ಹೋಮ್.’ ಜ್ವರ ಬಂದವರು ರಜೆ ಹಾಕುತ್ತಿಲ್ಲ, ಮನೆಯಿಂದ ಕೆಲಸ ಮಾಡುತ್ತೇನೆ ಅನ್ನುತ್ತಿದ್ದಾರೆ ಎಂಬುದನ್ನು ಗಮನಿಸಿ. ಹನ್ನೊಂದು ಗಂಟೆಯ ಮೀಟಿಂಗಿಗೆ ಕೂರಬೇಕು, ಹಾಗಾಗಿ ಜ್ವರ ಇವತ್ತೇ ಇಳಿಯಬೇಕು. ಕಟ್ಟಡದ ಕೆಳಗಿನ ಮೆಡಿಕಲ್ ಶಾಪಿಗೆ ಹೋಗಿ ‘ಸ್ವಲ್ಪ ಸ್ಟ್ರಾಂಗ್ ಆದದ್ದು ಕೊಡಿ’ ಅಂದರೆ ಕೈಗೆ ಬರುವುದು ಒಂದು ಜ್ವರದ ಮಾತ್ರೆ, ಒಂದು ನೆಗಡಿ ಮಾತ್ರೆ, ಜೊತೆಗೆ ಮೂರು ದಿನದ ಅಜಿಥ್ರೋಮೈಸಿನ್. ಭಾಂಡುಪ್‌ನಿಂದ ಡೊಂಬಿವಲಿಯವರೆಗೆ ಇದೇ ‘ಪ್ಯಾಕೇಜ್’.

ಇಲ್ಲಿ ಕ್ರಮವೇ ತಲೆಕೆಳಗಾಗಿದೆ. ಇನ್‌ಫ್ಲುಯೆಂಜಾ ವೈರಸ್‌ನಿಂದ ಬರುವ ಕಾಯಿಲೆ. ಅಜಿಥ್ರೋಮೈಸಿನ್ ಬ್ಯಾಕ್ಟೀರಿಯಾವನ್ನು ತಡೆಯುವ ಔಷಧ. ಫ್ಲೂ ವೈರಸ್ ಮೇಲೆ ಅದರ ಆಟ ನಡೆಯುವುದಿಲ್ಲ. ವೈರಸ್ ಮೇಲೆಯೇ ಕೆಲಸ ಮಾಡುವ ಒಸೆಲ್ಟಾಮಿವಿರ್ ಎಂಬ ಔಷಧ ಇದೆ. ಅದರ ಪೂರ್ಣ ಪ್ರಯೋಜನ ಸಿಗುವುದು ಲಕ್ಷಣ ಕಾಣಿಸಿದ 48 ಗಂಟೆಯೊಳಗೆ ಶುರು ಮಾಡಿದರೆ. ಎಲ್ಲರಿಗೂ ಅದು ಬೇಕಿಲ್ಲ, ಆದರೆ ಬೇಕಾದವರಿಗೆ ಬೇಗ ಬೇಕು. ನಾವು ಮಾಡುತ್ತಿರುವುದು ಏನೆಂದರೆ, ಬೇಡದ ಔಷಧವನ್ನು ಮೊದಲ ದಿನ ನುಂಗಿ, ಅದು ಕೆಲಸ ಮಾಡಲೆಂದು ಮೂರು ದಿನ ಕಾದು, ನಾಲ್ಕನೇ ದಿನ ಉಸಿರು ಕಟ್ಟಿದಾಗ ಆಸ್ಪತ್ರೆ ಹುಡುಕುವುದು. ಆ 48 ಗಂಟೆ ಅಷ್ಟರಲ್ಲಿ ಕಳೆದಿರುತ್ತದೆ.

ನಾನು ವೈದ್ಯನಲ್ಲ. ಎಂಟೆಕ್ ಮಾಡಿ ಪೊವೈಯಲ್ಲಿ ಸರ್ವರ್‌ಗಳ ಆರೋಗ್ಯ ನೋಡಿಕೊಳ್ಳುವವನು. ನನ್ನ ಕಸುಬಿನಲ್ಲಿ ಒಂದು ರೂಢಿ ಇದೆ: ಯಾವ ಅಲಾರಂ ಬಂದರೆ ಸುಮ್ಮನೆ ನೋಡುತ್ತಿರಬೇಕು, ಯಾವುದಕ್ಕೆ ರಾತ್ರಿ ಎರಡು ಗಂಟೆಗೂ ಎದ್ದು ಓಡಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳುತ್ತೇವೆ. ಫ್ಲೂಗೂ ಇಂಥದ್ದೊಂದು ಬರಹ ಇದೆ, 2009ರಿಂದಲೂ ಇದೆ. ಎಚ್1ಎನ್1 ಬಂದ ವರ್ಷ ಕೇಂದ್ರ ಆರೋಗ್ಯ ಸಚಿವಾಲಯ ರೋಗಿಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿತು. ಆಸ್ಪತ್ರೆಯವರಿಗೆ ಅದು ಗೊತ್ತು, ನಮಗೆ ಯಾರೂ ಹೇಳಲಿಲ್ಲ.

ಎ ವರ್ಗ ಎಂದರೆ ಸಾಧಾರಣ ಜ್ವರ, ಕೆಮ್ಮು, ಗಂಟಲು ನೋವು, ಮೈಕೈ ನೋವು, ತಲೆನೋವು. ಇವರಿಗೆ ಪರೀಕ್ಷೆ ಬೇಡ, ಒಸೆಲ್ಟಾಮಿವಿರ್ ಬೇಡ. ಮನೆಯಲ್ಲೇ ಇದ್ದು, ಜನರಿಂದ ದೂರವಿದ್ದು, 24ರಿಂದ 48 ಗಂಟೆಯೊಳಗೆ ವೈದ್ಯರು ಮತ್ತೆ ನೋಡಬೇಕು. ಬಿ ವರ್ಗದಲ್ಲಿ ಎರಡು ಬಗೆ. ತೀವ್ರ ಜ್ವರ, ತೀವ್ರ ಗಂಟಲು ನೋವು ಇರುವವರು ಒಂದು. ಲಕ್ಷಣ ಸಾಧಾರಣವಿದ್ದರೂ ದೇಹದ ಸ್ಥಿತಿಯಿಂದಾಗಿ ಅಪಾಯ ಹೆಚ್ಚಿರುವವರು ಇನ್ನೊಂದು: ಗರ್ಭಿಣಿಯರು, 65 ದಾಟಿದವರು, ಪುಟ್ಟ ಮಕ್ಕಳು, ಮಧುಮೇಹ, ಹೃದಯ, ಶ್ವಾಸಕೋಶ, ಮೂತ್ರಪಿಂಡ, ಯಕೃತ್ತಿನ ಕಾಯಿಲೆ ಇರುವವರು, ಬಹುಕಾಲದಿಂದ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವವರು. ಈ ಎರಡನೇ ಗುಂಪಿನವರು ಪರೀಕ್ಷೆಯ ವರದಿಗಾಗಿ ಕಾಯಬೇಕಿಲ್ಲ. ವೈದ್ಯರು ನೋಡಿ ಒಸೆಲ್ಟಾಮಿವಿರ್ ಶುರು ಮಾಡಬಹುದು. ವಯಸ್ಕರಿಗೆ ಸಾಮಾನ್ಯವಾಗಿ 75 ಮಿಲಿಗ್ರಾಂ, ದಿನಕ್ಕೆರಡು ಬಾರಿ, 5 ದಿನ.

ಸಿ ವರ್ಗದ್ದೇ ರಾತ್ರಿ ಎರಡು ಗಂಟೆಯ ಅಲಾರಂ. ಏದುಸಿರು, ಎದೆನೋವು, ಮಂಪರು, ರಕ್ತದೊತ್ತಡ ಕುಸಿತ, ಕಫದಲ್ಲಿ ರಕ್ತ, ಉಗುರು ನೀಲಿಗಟ್ಟುವುದು; ಮಕ್ಕಳಾದರೆ ಹಾಲು, ಊಟ ಬಿಟ್ಟು ಸಪ್ಪೆಯಾಗುವುದು ಅಥವಾ ಸಮಾಧಾನವೇ ಆಗದಂತೆ ರಚ್ಚೆ ಹಿಡಿಯುವುದು. ಇದರಲ್ಲಿ ಒಂದು ಕಂಡರೂ ಆಸ್ಪತ್ರೆಯೇ. ಅಲ್ಲಿ 48 ಗಂಟೆ ಮೀರಿದ್ದರೂ ಔಷಧ ಕೊಡುತ್ತಾರೆ, ‘ಇನ್ನು ಪ್ರಯೋಜನವಿಲ್ಲ’ ಎಂದು ಕೂರಬಾರದು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಡ್ರಾಯರಿನಲ್ಲಿ ಇದ್ದರೆ ಹೊಸ ಸೆಲ್ ಹಾಕಿಡಿ. 94ಕ್ಕಿಂತ ಕೆಳಗೆ ಇಳಿದರೆ ಅದೂ ಅಲಾರಂ.

ಈ ಪಟ್ಟಿಯಲ್ಲಿ ಕಾಣದ ಒಂದು ಸೂಚನೆಯನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಜ್ವರ ಮೂರ್ನಾಲ್ಕು ದಿನಕ್ಕೆ ಬಿಟ್ಟು, ಒಂದೆರಡು ದಿನ ಚೆನ್ನಾಗಿದ್ದು, ಮತ್ತೆ ಚಳಿಯೊಡನೆ ಏರಿದರೆ, ಕೆಮ್ಮು ಹೆಚ್ಚಿದರೆ, ಅದು ವೈರಸ್ ಬಿಟ್ಟುಹೋದ ಹಾದಿಯಲ್ಲಿ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿದಿರುವ ಲಕ್ಷಣ ಇರಬಹುದು. ಆಂಟಿಬಯೋಟಿಕ್‌ಗೆ ನಿಜವಾದ ಕೆಲಸ ಇರುವುದು ಆಗ. 1918ರ ಮಹಾಮಾರಿಯಲ್ಲಿ ಸತ್ತವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಇಂಥ ನ್ಯುಮೋನಿಯಾವೇ ಎಂದು ನಂತರದ ಅಧ್ಯಯನಗಳು ಹೇಳಿವೆ. ಆಗ ಆಂಟಿಬಯೋಟಿಕ್ ಇರಲಿಲ್ಲ. ಈಗ ಇದೆ, ಮೊದಲ ದಿನದ ನೆಗಡಿಗೆ ಖರ್ಚು ಮಾಡಿಕೊಳ್ಳುತ್ತಿದ್ದೇವೆ.

2023ರ ಮಾರ್ಚ್‌ನಲ್ಲಿ ಎಚ್3ಎನ್2 ಹಬ್ಬಿದಾಗ ಭಾರತೀಯ ವೈದ್ಯಕೀಯ ಸಂಘ ಇದನ್ನೇ ಹೇಳಿತ್ತು: ಜ್ವರ ಮೂರು ದಿನಕ್ಕೆ ಹೋಗುತ್ತದೆ, ಕೆಮ್ಮು ಮೂರು ವಾರದವರೆಗೂ ಉಳಿಯಬಹುದು, ಲಕ್ಷಣಕ್ಕೆ ತಕ್ಕ ಔಷಧ ಸಾಕು, ಆಂಟಿಬಯೋಟಿಕ್ ಬರೆಯಬೇಡಿ. ಅಜಿಥ್ರೋಮೈಸಿನ್, ಅಮಾಕ್ಸಿಕ್ಲಾವ್ ಹೆಸರು ಹಿಡಿದೇ ಹೇಳಿತ್ತು. ‘ಮೂರು ವಾರ’ ಎಂಬ ಮಾತು ಮುಖ್ಯ. ನಮ್ಮಲ್ಲಿ ಎರಡನೇ ವಾರದ ಕೆಮ್ಮಿಗೆ ಎರಡನೇ ಆಂಟಿಬಯೋಟಿಕ್ ಶುರುವಾಗುತ್ತದೆ. ಕೆಮ್ಮು ತನ್ನ ಪಾಡಿಗೆ ತಾನು ಹೋದಾಗ ಆ ಮಾತ್ರೆಗೆ ಹೆಸರು ಬರುತ್ತದೆ. ಅದೇ ತಿಂಗಳು ಎಚ್3ಎನ್2 ಸಂಬಂಧಿ ಸಾವೆಂದು ಕೇಂದ್ರ ಮೊದಲು ದೃಢಪಡಿಸಿದ್ದು ಎರಡು, ಒಂದು ಹರಿಯಾಣದ್ದು, ಇನ್ನೊಂದು ನಮ್ಮ ಹಾಸನ ಜಿಲ್ಲೆಯದು. ಹಾಸನದವರು 80 ದಾಟಿದ ಹಿರಿಯರು, ಮಧುಮೇಹ, ರಕ್ತದೊತ್ತಡ ಎರಡೂ ಇದ್ದವರು. ಅಂಥ ಅಪ್ಪ ಅಮ್ಮ ಊರಿನಲ್ಲಿರುವ ನನ್ನಂಥವರು ಇದನ್ನು ಮತ್ತೊಮ್ಮೆ ಓದಬೇಕು. ನಮ್ಮ ಜ್ವರ ಎ ವರ್ಗ. ಅದೇ ವೈರಸ್ ಹೊತ್ತು ರಾತ್ರಿ ಬಸ್ಸಿನಲ್ಲಿ ಊರಿಗೆ ಹೋದರೆ ಅವರಿಗೆ ಅದು ಬಿ ವರ್ಗ.

ಒಸೆಲ್ಟಾಮಿವಿರ್ ವಿಷಯದಲ್ಲಿ ಮುಂಬೈಗೆ ಒಂದು ಹಳೆಯ ನೆನಪಿದೆ. 2009ರ ಆಗಸ್ಟ್‌ನಲ್ಲಿ ಪುಣೆಯ ಸಾವಿನ ಸುದ್ದಿಯ ನಂತರ ಇಲ್ಲಿ ಶಾಲೆಗಳನ್ನು ವಾರ ಕಾಲ ಮುಚ್ಚಿದರು, ಮಲ್ಟಿಪ್ಲೆಕ್ಸ್‌ಗಳಿಗೂ ಬೀಗ ಬಿತ್ತು. ಪಾಲಿಕೆಯ ಸಾಂಕ್ರಾಮಿಕ ರೋಗಗಳ ಕಸ್ತೂರಬಾ ಆಸ್ಪತ್ರೆಯ ಮುಂದೆ ಸಾಲು. ಔಷಧ ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಸರ್ಕಾರಿ ವ್ಯವಸ್ಥೆಯಲ್ಲಿ ಮಾತ್ರ. ಆಮೇಲೆ ಅಂಗಡಿಗೆ ಬಿಟ್ಟರೂ ಶೆಡ್ಯೂಲ್ ಎಕ್ಸ್ ಎಂಬ ಅತಿ ಬಿಗಿಯ ಪಟ್ಟಿಯಲ್ಲಿಟ್ಟರು. ಆ ಪರವಾನಗಿ ಇರುವ ಅಂಗಡಿಗಳೇ ವಿರಳ. 2017ರಲ್ಲಿ ಶೆಡ್ಯೂಲ್ ಎಚ್1ಕ್ಕೆ ಇಳಿಸಿದ ಮೇಲೆ ಮಾಮೂಲಿ ಮೆಡಿಕಲ್ ಶಾಪ್‌ಗಳೂ ವೈದ್ಯರ ಚೀಟಿ ನೋಡಿ, ರಿಜಿಸ್ಟರಿನಲ್ಲಿ ಬರೆದುಕೊಂಡು ಕೊಡಬಹುದು. ಆದರೂ ‘ಅದು ಹಂದಿಜ್ವರದ ಔಷಧ, ದೊಡ್ಡಾಸ್ಪತ್ರೆಯಲ್ಲೇ ಸಿಗೋದು’ ಎಂಬ ನಂಬಿಕೆ ಹೋಗಿಲ್ಲ. 2009ರ ಆ ಎಚ್1ಎನ್1 ಈಗ ವರ್ಷವರ್ಷವೂ ಬರುವ ಮಾಮೂಲಿ ಫ್ಲೂಗಳಲ್ಲಿ ಒಂದು ಎಂಬುದೂ ಹಲವರಿಗೆ ಗೊತ್ತಿಲ್ಲ.

ಹಾಗೆಂದು ಅದು ಪವಾಡದ ಔಷಧವೂ ಅಲ್ಲ. 2014ರಲ್ಲಿ ಕಾಕ್ರೇನ್ ಸಂಶೋಧಕರು ಕಂಪನಿಯ ಪ್ರಯೋಗಗಳ ಪೂರ್ಣ ದಾಖಲೆಗಳನ್ನು ವರ್ಷಗಟ್ಟಲೆ ಹೋರಾಡಿ ಪಡೆದು ಲೆಕ್ಕ ಹಾಕಿದಾಗ, ವಯಸ್ಕರಲ್ಲಿ ಲಕ್ಷಣಗಳ ಅವಧಿ ಸುಮಾರು 7 ದಿನದಿಂದ 6.3 ದಿನಕ್ಕೆ ಇಳಿಯಿತು, ಅಷ್ಟೇ. ಜೊತೆಗೆ ವಾಕರಿಕೆ, ವಾಂತಿ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅದನ್ನು ಅಗತ್ಯ ಔಷಧಗಳ ಮುಖ್ಯ ಪಟ್ಟಿಯಿಂದ ಪೂರಕ ಪಟ್ಟಿಗೆ ಸರಿಸಿತು. ಮೂವತ್ತರ ಗಟ್ಟಿಮುಟ್ಟು ಮನುಷ್ಯನಿಗೆ ಅರ್ಧ ದಿನದ ಚಿಲ್ಲರೆ ಲಾಭಕ್ಕೆ ಅದು ಬೇಕೇ ಎಂದರೆ, ನನ್ನ ಲೆಕ್ಕದಲ್ಲಿ ಬೇಡ. ಪಕ್ಕದ ಕೋಣೆಯಲ್ಲಿರುವ ಏಳು ತಿಂಗಳ ಗರ್ಭಿಣಿಗೆ, ಬೇಸಿಗೆಗೆಂದು ಬಂದು ಮೊಮ್ಮಗುವಿಗಾಗಿ ಉಳಿದ ಅತ್ತೆಗೆ ಜ್ವರ ಬಂದರೆ ಅಂದೇ ವೈದ್ಯರನ್ನು ಕಂಡು ಕೇಳಬೇಕಾದ ಔಷಧ ಅದು.

ಮುಂಬೈಯ ಮಳೆಗಾಲಕ್ಕೆ ಇನ್ನೊಂದು ತೊಡಕಿದೆ, ಬೆಂಗಳೂರಿನ ಗೆಳೆಯರಿಗೆ ಇದು ಅಷ್ಟು ಅನುಭವಕ್ಕೆ ಬಂದಿರಲಿಕ್ಕಿಲ್ಲ. ಇಲ್ಲಿ ಜುಲೈಯಿಂದ ಅಕ್ಟೋಬರ್‌ವರೆಗೆ ಜ್ವರವೆಂದರೆ ಫ್ಲೂ ಎಂದೇ ಹೇಳುವಂತಿಲ್ಲ. ಮಲೇರಿಯಾ, ಡೆಂಗಿ, ಲೆಪ್ಟೊಸ್ಪೈರೋಸಿಸ್ ಮೂರೂ ಒಟ್ಟಿಗೆ ಇರುತ್ತವೆ. ಹಿಂದ್‌ಮಾತಾದಲ್ಲೋ ಕುರ್ಲಾ ಸ್ಟೇಷನ್ ಹೊರಗೋ ಮೊಣಕಾಲುದ್ದ ನೀರಿನಲ್ಲಿ ನಡೆದು ಬಂದವರು 24ರಿಂದ 72 ಗಂಟೆಯೊಳಗೆ ವೈದ್ಯರ ಸಲಹೆಯಂತೆ ಲೆಪ್ಟೊ ತಡೆಯುವ ಔಷಧ ತೆಗೆದುಕೊಳ್ಳಬೇಕೆಂದು ಪಾಲಿಕೆ ಮಳೆಗಾಲದಲ್ಲಿ ಪ್ರಕಟಣೆ ಕೊಡುತ್ತದೆ. ಲೆಪ್ಟೊಗೆ ಆಂಟಿಬಯೋಟಿಕ್ ಬೇಕು, ಮಲೇರಿಯಾಕ್ಕೆ ಅದರದೇ ಔಷಧ. ಮೂಗು ಸೋರದೆ, ಕೆಮ್ಮು ಇಲ್ಲದೆ, ಬರೀ ಜ್ವರ, ಚಳಿ, ಕಣ್ಣಿನ ಹಿಂದೆ ನೋವು, ಮೀನಖಂಡ ಸೆಳೆತ ಇದ್ದರೆ ‘ವೈರಲ್’ ಎಂದು ಮಲಗಬೇಡಿ. ಎರಡನೇ ದಿನಕ್ಕೆ ರಕ್ತಪರೀಕ್ಷೆ ಮಾಡಿಸಿ.

ಇದಕ್ಕೇ ಹೇಳುವುದು, ಯಾವ ಜ್ವರವೆಂದು ತಿಳಿಯುವವರೆಗೆ ಪ್ಯಾರಾಸಿಟಮಾಲ್ ಒಂದೇ ಇರಲಿ ಎಂದು. ಆ್ಯಸ್ಪಿರಿನ್, ಐಬುಪ್ರೊಫೆನ್ ಥರದವು ಡೆಂಗಿ ಆಗಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಫ್ಲೂ ಇರುವ ಮಕ್ಕಳಿಗೆ ಆ್ಯಸ್ಪಿರಿನ್ ಕೊಡಲೇಬಾರದು, ಮಿದುಳು ಮತ್ತು ಯಕೃತ್ತಿಗೆ ಪೆಟ್ಟು ಬೀಳುವ ರೇಸ್ ಸಿಂಡ್ರೋಮ್ ಎಂಬುದಿದೆ. ಪ್ಯಾರಾಸಿಟಮಾಲ್ ಎಂದರೆ ಈಗ ದೇಶಕ್ಕೆಲ್ಲ ಡೋಲೊ 650. ಬೆಂಗಳೂರಿನ ಮೈಕ್ರೊ ಲ್ಯಾಬ್ಸ್‌ನ ಮಾತ್ರೆ ಎಂದು ಇಲ್ಲಿನ ಸಹೋದ್ಯೋಗಿಗಳ ಮುಂದೆ ನಾವು ಬೀಗುವುದುಂಟು. ಬೀಗೋಣ, ಲೆಕ್ಕವನ್ನೂ ಇಡೋಣ. ವಯಸ್ಕರಿಗೆ ದಿನದ ಗರಿಷ್ಠ ಮಿತಿ 4 ಗ್ರಾಂ. ಕುಡಿಯುವವರಿಗೆ, ಯಕೃತ್ ಸಮಸ್ಯೆ ಇರುವವರಿಗೆ ಇನ್ನೂ ಕಡಿಮೆ. ಸಿನಾರೆಸ್ಟ್‌ನಂಥ ನೆಗಡಿ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇದೆ, ಕಾಂಬಿಫ್ಲಾಮ್‌ನಲ್ಲೂ ಇದೆ. ಆರು ಗಂಟೆಗೊಂದು ಡೋಲೊ, ನಡುನಡುವೆ ನೆಗಡಿ ಮಾತ್ರೆ, ರಾತ್ರಿ ಮೈನೋವಿಗೆ ಇನ್ನೊಂದು, ಹೀಗೆ ಮೂರು ಹೆಸರಿನಲ್ಲಿ ಒಂದೇ ಔಷಧ ಹೊಟ್ಟೆಗೆ ಹೋಗುತ್ತದೆ. ಸ್ಟ್ರಿಪ್‌ನ ಹಿಂಬದಿಯ ಸಣ್ಣ ಅಕ್ಷರ ಓದುವ ಅಭ್ಯಾಸ ಸಾಫ್ಟ್‌ವೇರ್‌ನವರಿಗೆ ಕಷ್ಟವಾಗಬಾರದು.

ಇನ್ನು ಕಷಾಯ. ಜ್ವರ ಎಂದು ಊರಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆ ‘ಕಷಾಯ ಮಾಡ್ಕೊಂಡ್ಯಾ?’ ಎಂದೇ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಶುಂಠಿ, ಬೆಲ್ಲ, ಬಿಸಿನೀರು. ವೈರಸ್ ಕೊಲ್ಲುವುದಿಲ್ಲ, ಗಂಟಲಿಗೆ ಹಿತ, ಹೊಟ್ಟೆಗೆ ನೀರು. ಜ್ವರದಲ್ಲಿ ಬೇಕಾದದ್ದರಲ್ಲಿ ಅರ್ಧಪಾಲು ಅದೇ. ಗಂಜಿ, ಉಪ್ಪಿನಕಾಯಿ ರಸವೂ ಹಾಗೇ. ಮೂತ್ರ ತಿಳಿಯಾಗಿ ಹೋಗುತ್ತಿದ್ದರೆ ನೀರು ಸಾಕಷ್ಟು ಹೋಗುತ್ತಿದೆ ಎಂದರ್ಥ. ಜೇನು ಕೆಮ್ಮಿಗೆ ಒಳ್ಳೆಯದೇ, ಆದರೆ ಒಂದು ವರ್ಷದೊಳಗಿನ ಕೂಸಿಗೆ ಬೇಡ. ಹಬೆ ತೆಗೆದುಕೊಂಡರೆ ಮೂಗು ಸ್ವಲ್ಪ ಬಿಡುತ್ತದೆ; ಒಂದು ಕೋಣೆಯ ಮನೆಯಲ್ಲಿ ಕುದಿಯುವ ಪಾತ್ರೆಯ ಸುತ್ತ ಮಕ್ಕಳನ್ನು ಮಾತ್ರ ಸೇರಿಸಬೇಡಿ.

ಕಷಾಯದ ಲೋಟದಿಂದ ‘ಇಮ್ಯುನಿಟಿ’ಯ ಡಬ್ಬಿಗೆ ಹೋದಾಗ ಮಾತು ಬೇರೆ. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮುಂಬೈಯಲ್ಲೇ ಆರು ಜನ ಯಕೃತ್ತಿಗೆ ಪೆಟ್ಟುಮಾಡಿಕೊಂಡು ಬಂದದ್ದನ್ನೂ, ಅವರೆಲ್ಲ ಗಿಲೋಯ್, ಅಂದರೆ ನಮ್ಮ ಅಮೃತಬಳ್ಳಿ, ಸೇವಿಸುತ್ತಿದ್ದುದನ್ನೂ ಇಲ್ಲಿನ ಯಕೃತ್ ತಜ್ಞರು 2021ರಲ್ಲಿ ದಾಖಲಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಗಿಡ ಗುರುತಿಸಿದ್ದೇ ತಪ್ಪಿರಬಹುದು ಎಂದಿತು. ಯಾರ ವಾದ ಗೆದ್ದರೂ, ತಿಂಗಳುಗಟ್ಟಲೆ ದಿನವೂ ಕುದಿಸಿ ಕುಡಿಯುವ ಯಾವ ಬಳ್ಳಿಯೂ ಅಡುಗೆಮನೆಯ ಜೀರಿಗೆಯಂತಲ್ಲ.

ಮಕ್ಕಳ ಕೆಮ್ಮಿನ ಸಿರಪ್ ಬಗ್ಗೆ 2025ರ ಅಕ್ಟೋಬರ್ ನಂತರ ಹೆಚ್ಚು ಹೇಳಬೇಕಿಲ್ಲ. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಸಿರಪ್ ಕುಡಿದ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿ ಸಿರಪ್ ಬರೆಯಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಸಲಹೆ ಕೊಟ್ಟಿತು. ಮುಂಬೈಗೆ ಇದು ಹೊಸ ವಿಷವಲ್ಲ: 1986ರಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ ಇದೇ ರಾಸಾಯನಿಕ ಬೆರೆತ ಗ್ಲಿಸರಿನ್ ಕುಡಿಸಿದ್ದರಿಂದ 14 ರೋಗಿಗಳು ಸತ್ತು, ನ್ಯಾಯಮೂರ್ತಿ ಲೆಂಟಿನ್ ಆಯೋಗ ಔಷಧ ನಿಯಂತ್ರಣದ ಕೊಳಕನ್ನೆಲ್ಲ ಹೊರಗಿಟ್ಟಿತ್ತು. ನಾಲ್ಕು ದಶಕದ ನಂತರವೂ ಅದೇ ವಿಷದ ಹೆಸರು ಓದಬೇಕಾಗಿ ಬಂದದ್ದಕ್ಕೆ ಸಿಟ್ಟು ಬರದಿದ್ದರೆ ಹೇಗೆ? ಸಿರಪ್‌ನಿಂದ ಫ್ಲೂ ಬೇಗ ವಾಸಿಯಾಗುವುದೂ ಇಲ್ಲ.

ಇಷ್ಟೆಲ್ಲ ಔಷಧದ ಮಾತಾಯಿತು. ಎ ವರ್ಗದ ಚಿಕಿತ್ಸೆಯ ತಿರುಳು ಎರಡೇ: ಮಲಗುವುದು, ಮತ್ತು ಯಾರಾದರೂ ನೋಡುತ್ತಿರುವುದು. ಊರಾಚೆ ಇರುವವರಿಗೆ ಇವೇ ದುಬಾರಿ.

ಮಲಗಲು ರಜೆ ಬೇಕು. ಇಲ್ಲೊಂದು ವ್ಯತ್ಯಾಸ ನನಗೆ ಇಲ್ಲಿಗೆ ಬಂದಮೇಲೆ ತಿಳಿದದ್ದು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ಅನಾರೋಗ್ಯ ರಜೆ ಕೊಡುತ್ತದೆ. ಮಹಾರಾಷ್ಟ್ರದ 2017ರ ಕಾಯ್ದೆಯಲ್ಲಿ ಗಳಿಕೆ ರಜೆಯಲ್ಲದೆ ಇರುವುದು 8 ದಿನದ ಕ್ಯಾಶುವಲ್ ರಜೆ; ಅನಾರೋಗ್ಯಕ್ಕೆಂದೇ ಬೇರೆ ರಜೆ ಇಲ್ಲ. ದೊಡ್ಡ ಕಂಪನಿಗಳು ತಮ್ಮ ನೀತಿಯಲ್ಲಿ ಹೆಚ್ಚು ಕೊಡುತ್ತವೆ, ಹಾಗಾಗಿ ನಮಗೆ ಇದು ತಟ್ಟುವುದಿಲ್ಲ. ತಟ್ಟುವುದು ನಮ್ಮವರೇ ಆದ ಇತರರಿಗೆ. ಇಲ್ಲಿನ ಉಡುಪಿ ಹೋಟೆಲುಗಳಲ್ಲಿ ಬೈಂದೂರು, ಕುಂದಾಪುರ, ಕಾರ್ಕಳದ ಕಡೆಯಿಂದ ಬಂದ ಹುಡುಗರು ಅಟ್ಟದ ಮೇಲೆ ಒಬ್ಬರಿಗೊಬ್ಬರು ಅಂಟಿಕೊಂಡು ಮಲಗುತ್ತಾರೆ. ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ ಅನಾರೋಗ್ಯದ ದಿನಗಳಿಗೆ ಸಂಬಳದ 70 ಶೇಕಡಾ ಸಿಗುತ್ತದೆ, ಆದರೆ ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಇಲ್ಲ. ಫ್ಲೂ ಅತಿ ಹೆಚ್ಚು ಹರಡುವುದೇ ಆ ಮೊದಲ ದಿನಗಳಲ್ಲಿ. ಜ್ವರದ ಮಾತ್ರೆ ನುಂಗಿ ಬೆಳಿಗ್ಗೆ ಐದಕ್ಕೆ ಇಡ್ಲಿ ಪಾತ್ರೆ ಹಚ್ಚುವ ಹುಡುಗನಿಗೆ ‘ವಿಶ್ರಾಂತಿ ತಗೋ’ ಎಂದು ಬರೆದುಕೊಡುವ ವೈದ್ಯನಿಗೂ ಅದು ಆಗದ ಮಾತು ಎಂದು ಗೊತ್ತು. ಅಜಿಥ್ರೋಮೈಸಿನ್ ಬರೆಯುವುದು ಸುಲಭ. ವೈದ್ಯರನ್ನಷ್ಟೇ ಬೈದರೆ ಪ್ರಯೋಜನವಿಲ್ಲ ಎನ್ನುವುದು ಇದಕ್ಕೇ.

ನೋಡುತ್ತಿರುವುದಕ್ಕೆ ಜನ ಬೇಕು. ಊರಿನಲ್ಲಿ ಕಷಾಯ ಕೊಟ್ಟ ಕೈ ಹಣೆಯನ್ನೂ ಮುಟ್ಟಿ ನೋಡುತ್ತಿತ್ತು. ಉಸಿರು ಜೋರಾದರೆ, ಮಾತು ತೊದಲಿದರೆ ಅದಕ್ಕೆ ತಿಳಿಯುತ್ತಿತ್ತು. ಪಿಜಿಯಲ್ಲಿ ಒಬ್ಬನೇ ಮಲಗಿದವನು ಮಂಪರಿಗೆ ಜಾರಿದರೆ ‘ನನಗೆ ಮಂಪರು’ ಎಂದು ಯಾರಿಗೂ ಮೆಸೇಜ್ ಮಾಡುವುದಿಲ್ಲ. ನಮ್ಮ ಕಟ್ಟಡದಲ್ಲಿ ನಾವು ಐದಾರು ಕನ್ನಡಿಗರು ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಜ್ವರ ಬಂದವರು ಗುಂಪಿನಲ್ಲಿ ಹೇಳಬೇಕು. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಜ್ವರ, ಆಕ್ಸಿಜನ್, ಕುಡಿದ ನೀರು ಬರೆಯಬೇಕು. ಬರೆಯದಿದ್ದರೆ ಒಬ್ಬರು ಹೋಗಿ ಬಾಗಿಲು ತಟ್ಟಬೇಕು. ಇನ್ನೊಂದು ಕೀಲಿ ಯಾರ ಹತ್ತಿರ ಇದೆ ಎಂಬುದನ್ನೂ ಬರೆದಿಟ್ಟಿದ್ದೇವೆ. ಗೆಳೆಯರು ಇದನ್ನು ‘ಹಾರ್ಟ್‌ಬೀಟ್ ಚೆಕ್’ ಎಂದು ತಮಾಷೆ ಮಾಡುತ್ತಾರೆ. ಎರಡು ಮಳೆಗಾಲ ನಡೆದಿದೆ, ಎರಡು ಸಲ ಬಾಗಿಲು ತಟ್ಟಿದ್ದೇವೆ. ಒಮ್ಮೆ ಆಸಾಮಿ ಬರೀ ನಿದ್ದೆ ಮಾಡುತ್ತಿದ್ದ, ಇನ್ನೊಮ್ಮೆ ನೇರ ಆಸ್ಪತ್ರೆಗೆ ಕರೆದೊಯ್ದೆವು, ಅದು ಡೆಂಗಿ ಎಂದು ಗೊತ್ತಾಯಿತು.

1918ರಲ್ಲಿ ಬಾಂಬೆಗೆ ಹಡಗಿನ ಮೂಲಕ ಇನ್‌ಫ್ಲುಯೆಂಜಾ ಬಂದು, ಅಕ್ಟೋಬರ್ 6ರ ಒಂದೇ ದಿನ 768 ಜನ ಸತ್ತಾಗ, ಸರ್ಕಾರಕ್ಕೆ ಕೈ ಸಾಲದೆ ಹೋದ ಕಡೆ ಸೋಷಿಯಲ್ ಸರ್ವಿಸ್ ಲೀಗ್ ಮತ್ತು ಬೇರೆಬೇರೆ ಸಮುದಾಯಗಳ ಸಂಘಗಳು ಔಷಧ, ಹಾಲು ಹಂಚಿ ರೋಗಿಗಳನ್ನು ನೋಡಿಕೊಂಡಿದ್ದವು. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಡೊಂಬಿವಲಿಯ ಸಂಘ, ಬಂಟರ ಸಂಘ ಎಂದು ನಮ್ಮವರಿಗೆ ಇಲ್ಲಿ ಸಂಘಗಳಿಗೇನೂ ಕೊರತೆಯಿಲ್ಲ. ನಾಟಕ, ಸನ್ಮಾನ, ಯಕ್ಷಗಾನಗಳ ಜೊತೆ ಏಪ್ರಿಲ್, ಮೇ ತಿಂಗಳಲ್ಲಿ ಒಂದು ಭಾನುವಾರ ಫ್ಲೂ ಲಸಿಕೆಯ ಶಿಬಿರವನ್ನೂ ಇಟ್ಟರೆ ಹೇಗೆ? ಈ ಲಸಿಕೆ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಇಲ್ಲ, ಕೈಯಿಂದಲೇ ಕೊಟ್ಟು ಹಾಕಿಸಿಕೊಳ್ಳಬೇಕು. ಐವತ್ತು ಜನ ಸೇರಿದರೆ ದರ ಇಳಿಯಬಹುದು. ಹೋಟೆಲ್ ಮಾಲೀಕರು ತಮ್ಮ ಹುಡುಗರದ್ದನ್ನು ಭರಿಸಿದರೆ ಅವರ ಅಡುಗೆಮನೆಗೂ ಲಾಭವೇ.

ಲಸಿಕೆಯ ರಕ್ಷಣೆ ಬರಲು ಸುಮಾರು ಎರಡು ವಾರ ಹಿಡಿಯುತ್ತದೆ, ವೈರಸ್ ಬದಲಾಗುವುದರಿಂದ ವರ್ಷವರ್ಷವೂ ಬೇಕು. ಮುಂಬೈಗೆ ಮಳೆ ಸಾಮಾನ್ಯವಾಗಿ ಜೂನ್ ಎರಡನೇ ವಾರ. ಊರಿನಿಂದ ಅಪ್ಪ ಅಮ್ಮನಿಗೆ ರೈಲ್ವೆ ಟಿಕೆಟ್ ಬುಕ್ ಮಾಡುವವರು ಲಸಿಕೆಯ ದಿನಾಂಕವನ್ನು ಅದಕ್ಕೂ ಹಿಂದಿನ ತಿಂಗಳಲ್ಲಿ ಗುರುತು ಹಾಕಿಕೊಳ್ಳಿ, ಅವರ ಮಧುಮೇಹದ ವೈದ್ಯರ ನಂಬರ್ ಜೊತೆಗೆ.